ಒಂದೇ ಹನಿ, ಎರಡು ತೋಳು

ನಕಾಟೊ ದೋಣಿಯಿಂದ ಇಳಿದ ದಿನ ಬಬೀರ್ಯೆ ಮೊಣಕಾಲುದ್ದ ನೀರಿಗೆ ಓಡಿಹೋದಳು. ಮೊದಲು ಅವಳ ಕೈಯಲ್ಲಿದ್ದ ನೀಲಿ ಡಬ್ಬಿಯನ್ನು ಕಿತ್ತುಕೊಂಡು ನೋಡಿದಳು, ಆಮೇಲೆ ತಬ್ಬಿಕೊಂಡಳು.

"ಇದೇನೇ, ಸೀಟಿನಾ?"

"ಅಲ್ಲ. ಉಸಿರು ಬರ್ದೇ ಇದ್ದಾಗ ಬಾಯಲ್ಲಿಟ್ಟು ಒತ್ಕೋಬೇಕು."

"ಉಸಿರು ಯಾಕೆ ಬರಲ್ಲ?"

"ಅದನ್ನ ಉಸಿರನ್ನೇ ಕೇಳು," ಅಂದಳು ನಕಾಟೊ, ಬೂಟು ನೆನೆಯದಂತೆ ಒಂದೊಂದೇ ಕಾಲೆತ್ತಿ ದಡಕ್ಕೆ ಬರುತ್ತಾ.

ಇಬ್ಬರೂ ನನ್ನ ಮಕ್ಕಳೇ. ಅವಳಿಗಳು. ಮೊದಲು ಬಂದವಳು ಬಬೀರ್ಯೆ, ಅವಳ ಬೆನ್ನಿಗೆ ಬಂದವಳು ನಕಾಟೊ. ನಮ್ಮಲ್ಲಿ ಅವಳಿ ಹೆಣ್ಣುಮಕ್ಕಳಿಗೆ ಬೇರೆ ಹೆಸರು ಹುಡುಕುವ ಕಷ್ಟವಿಲ್ಲ. ಅವರು ಹುಟ್ಟಿದ ದಿನ ನನ್ನ ಹೆಸರೂ ಹೋಯಿತು. ಅಂದಿನಿಂದ ಊರಿಗೆಲ್ಲ ನಾನು ನಾಲೊಂಗೊ, ಅಂದರೆ ಅವಳಿಗಳ ತಾಯಿ. ಗಂಡ ಸಾಲೊಂಗೊ. ಅತ್ತೆ ಮಾತ್ರ ಮೊದಲಿನ ಹಾಗೇ ಎಲ್ಲರಿಗೂ ಜಾಜಾ, ಅಜ್ಜಿ.

ಮಕ್ಕಳು ನಡೆಯಲು ಕಲಿತ ಮೇಲೆ ಗಂಡನ ಅಕ್ಕ ಎಂಟೆಬೆ ಪಟ್ಟಣದ ಕಡೆಯಿಂದ ಬಂದು, "ನನಗೆ ಮಕ್ಕಳಿಲ್ಲ, ಒಬ್ಬಳನ್ನ ಕೊಡಿ, ಓದಿಸ್ತೀನಿ," ಅಂದಳು. ತಂದೆಯ ಒಡಹುಟ್ಟಿದವಳನ್ನು ನಾವು ಸೆಂಗ ಅನ್ನುತ್ತೇವೆ. ಸೆಂಗ ಬಾಯಿಬಿಟ್ಟು ಕೇಳಿದ ಮೇಲೆ ಇಲ್ಲ ಅನ್ನುವ ಮನೆ ಈ ದ್ವೀಪದಲ್ಲಿಲ್ಲ. ಜಾಜಾ ಒಬ್ಬಳೇ ಮೂರು ದಿನ ಮಾತು ಬಿಟ್ಟಿದ್ದಳು. ಅವಳಿಗಳನ್ನು ಅಗಲಿಸಬಾರದು, ಒಬ್ಬಳಿಗೆ ಕೊಟ್ಟದ್ದನ್ನು ಇನ್ನೊಬ್ಬಳಿಗೆ ಕೊಡದಿದ್ದರೆ ಸಿಗದವಳ ಮೈಯಲ್ಲಿ ಸಿಟ್ಟು ಕೂತು ಕಾಯಿಲೆಯಾಗುತ್ತದೆ ಅನ್ನುವುದು ಅವಳ ನಂಬಿಕೆ. ಅವಳದೊಬ್ಬಳದೇ ಅಲ್ಲ, ನಮ್ಮೆಲ್ಲರದೂ.

ಈಗ ಆ ಸೆಂಗಳೇ ಫೋನು ಮಾಡಿ ಹೇಳಿದ್ದಳು: "ಎದೆಯೊಳಗೆ ಬೆಕ್ಕಿನ ಮರಿ ಕೂತ ಹಾಗೆ ಸದ್ದು ಕಣೆ. ಆಸ್ತಮಾ ಅಂದ್ರು. ಧೂಳು ಆಗಲ್ಲ, ಹಾಸಿಗೆ ಆಗಲ್ಲ, ಜಿರಳೆ ಆಗಲ್ಲ. ದ್ವೀಪದ ಗಾಳಿಲಿ ಸ್ವಲ್ಪ ದಿನ ಇರ್ಲಿ. ಉಸಿರು ಸರಿಹೋದ್ರೆ ಅಲ್ಲೇ ಇಟ್ಕೋ, ನಾನೇನೂ ಅನ್ನಲ್ಲ. ಇಲ್ಲಾಂದ್ರೆ ವಾಪಸ್ ಕಳಿಸ್ಬಿಡು, ಇಲ್ಲಿ ಆಸ್ಪತ್ರೆ ಹತ್ತಿರ."

ಉಸಿರು ಸರಿಹೋದರೆ ಅಲ್ಲೇ ಇಟ್ಕೋ. ಮೀನು ಹರಡುವಾಗಲೂ, ಜೋಳದ ಹಿಟ್ಟಿನ ಮುದ್ದೆ ಪೋಶೊ ತಿರುವುವಾಗಲೂ ಆ ಒಂದು ಮಾತು ನನ್ನ ಕಿವಿಯಲ್ಲಿತ್ತು.

ಒಂದು ವಾರ ಎಲ್ಲವೂ ಚೆನ್ನಾಗಿತ್ತು. ಎಂಟನೆಯದೋ ಒಂಬತ್ತನೆಯದೋ ಬೆಳಗ್ಗೆ ನೊಣ ಎದ್ದವು. ನಕ್ಷೆಯಲ್ಲಿ ವಿಕ್ಟೋರಿಯಾ ಎಂದು ಬರೆದಿರುವ ಈ ಸರೋವರವನ್ನು ನಾವು ನಲುಬಾಲೆ ಅನ್ನುತ್ತೇವೆ. ಅಮಾವಾಸ್ಯೆಯ ಆಸುಪಾಸಿನಲ್ಲಿ ಅದರ ಮೇಲೆ ಹೊಗೆ ಎದ್ದ ಹಾಗೆ ಕಾಣುತ್ತದೆ. ಅದು ಹೊಗೆಯಲ್ಲ, ಸಣ್ಣ ನೊಣಗಳ ಕಂಬ. ನೀರಿನಿಂದ ಮುಗಿಲಿಗೆ ಮುಟ್ಟಿ, ಓಲಾಡುತ್ತಾ ದಡಕ್ಕೆ ಬರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಕೈಯಲ್ಲಿದ್ದ ಕೆಲಸ ನಿಂತುಹೋಗುತ್ತದೆ. ನಮ್ಮ ಮಕ್ಕಳು ಬಾಯಿ ಮುಚ್ಚಿಕೊಂಡು ಅದರೊಳಗೆ ನುಗ್ಗಿ ಆಡುತ್ತಾರೆ. ಬಬೀರ್ಯೆ ತಂಗಿಯ ಕೈ ಹಿಡಿದು ಎಳೆದುಕೊಂಡೇ ಹೋದಳು.

ಕಂಬ ದಾಟಿ ಹೋದ ಮೇಲೆ ಬಬೀರ್ಯೆ ಕೂದಲಿನ ನೊಣ ಕೊಡವುತ್ತಾ ನಗುತ್ತಿದ್ದಳು. ನಕಾಟೊ ಮಣ್ಣಿಗೆ ಕೈಯೂರಿ ಕೂತಿದ್ದಳು. ಅವಳ ಕತ್ತಿನ ಗುಳಿ ಒಳಕ್ಕೆ ಎಳೆಯುತ್ತಿತ್ತು. ಪಕ್ಕೆಲುಬುಗಳ ನಡುವೆ ಚರ್ಮ ಹೂತು ಹೋಗುತ್ತಿತ್ತು. ನಾನು ಡಬ್ಬಿ ತಂದು ಬಾಯಿಗಿಟ್ಟೆ. ಒತ್ತಿದಳು, ಹಿಡಿದಳು, ಮತ್ತೆ ಒತ್ತಿದಳು. ಸದ್ದು ನಿಧಾನವಾಗಿ ಇಳಿಯಿತು.

ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಇನ್ನೊಬ್ಬಳನ್ನು ನೋಡಿದೆ. ಅದೇ ಹೊಟ್ಟೆ, ಅದೇ ದಿನ, ಅದೇ ಹಾಲು. ಅದೇ ನೊಣ ಈಗ ತಾನೇ ಇಬ್ಬರ ಮೂಗಿಗೂ ಹೋಗಿತ್ತು.

"ನಕಾಟೊಗೆ ಸಿಟ್ಟು ಬಂದಿದೆ," ಅಂದಳು ಜಾಜಾ, ಬಾಗಿಲ ಬಳಿ ನಿಂತು. "ಬಬೀರ್ಯೆಗೆ ಏನೋ ಸಿಕ್ಕಿದೆ, ಅವಳಿಗೆ ಸಿಕ್ಕಿಲ್ಲ. ಅದೇನೂಂತ ನಾನು ಹುಡುಕ್ತೀನಿ."

"ಸಿಟ್ಟಲ್ಲ ಜಾಜಾ, ಆಸ್ತಮಾ."

"ನೀನು ಹೆಸರಿಟ್ಕೋ. ನಾನು ಕಾರಣ ಕೇಳ್ತಿರೋದು."

ಅದೇ ತಿಂಗಳು ಶಾಲೆಯ ಜಗುಲಿಗೆ ಮುಸಾವೊಗಳು ಬಂದರು. ವೈದ್ಯರಾಗಲಿ ದಾದಿಯರಾಗಲಿ, ಔಷಧಿ ಕೈಯಲ್ಲಿದ್ದವರೆಲ್ಲ ನಮಗೆ ಮುಸಾವೊಗಳೇ. ಅವರ ಹಿರಿಯಳು ಅಪಿಯೊ ಎನ್ನುವವಳು, ಉತ್ತರದ ಕಡೆಯ ಎತ್ತರದ ಹೆಂಗಸು, ನಮ್ಮ ಮಾತನ್ನು ತುಸು ಒರಟಾಗಿ ಆಡುತ್ತಾಳೆ. ದ್ವೀಪದ ಮಕ್ಕಳಿಗೆ ಉಬ್ಬಸ ಯಾಕೆ ಕಡಿಮೆ, ಪಟ್ಟಣದ ಮಕ್ಕಳಿಗೆ ಯಾಕೆ ಜಾಸ್ತಿ ಎಂದು ತಿಳಿಯಲು ಬಂದಿದ್ದೇವೆ ಅಂದಳು. ನನ್ನ ಇಬ್ಬರನ್ನೂ ನೋಡಿ ಅವಳ ಕಣ್ಣು ಅರಳಿತು.

"ಒಬ್ಬಳು ಪಟ್ಟಣದಲ್ಲಿ ಬೆಳೆದವಳಾ, ಇನ್ನೊಬ್ಬಳು ಇಲ್ಲಿಯವಳಾ? ನಾಲೊಂಗೊ, ಇವರಿಬ್ಬರನ್ನೂ ಪಕ್ಕಪಕ್ಕ ಕೂರಿಸಿ."

ಜಾಜಾಳೂ ನಾನೂ ಅಲ್ಲೇ ಕೂತೆವು. ಅಪಿಯೊ ಇಬ್ಬರ ಒಳತೋಳಿನ ಮೇಲೆ ಸಾಲಾಗಿ ಹನಿ ಇಟ್ಟಳು. ಒಂದು ಹಾಸಿಗೆಯ ಧೂಳಿನಲ್ಲಿರುವ ಕಣ್ಣಿಗೆ ಕಾಣದ ಹುಳದ್ದು, ಒಂದು ಜಿರಳೆಯದ್ದು, ಕೊನೆಯದು ಯಾರ ಕೈಯನ್ನಾದರೂ ಊದಿಸುವಂಥ ಔಷಧಿ. ಪ್ರತಿ ಹನಿಯ ಮೂಲಕ ಚರ್ಮಕ್ಕೆ ಇರುವೆ ಕಡಿದಷ್ಟು ಚುಚ್ಚಿದಳು.

"ಕೆರ್ಕೋಬಾರ್ದು. ಕೆರ್ಕೊಂಡ್ರೆ ಮತ್ತೆ ಚುಚ್ತೀನಿ."

"ಮುಸಾವೊ, ಇವಳು ಕೆರ್ಕೊಂಡ್ರೆ ಇವಳಿಗೆ ತಾನೇ ಚುಚ್ಚೋದು?" ಬಬೀರ್ಯೆ ಕೇಳಿದಳು.

"ನಿಮ್ಮಿಬ್ಬರಿಗೂ ಸಮ ಮಾಡ್ಬೇಕಂತಲ್ಲ, ಇಬ್ಬರಿಗೂ ಚುಚ್ತೀನಿ."

ಜಾಜಾ ಮೆಚ್ಚಿ ತಲೆಯಾಡಿಸಿದಳು.

ಸ್ವಲ್ಪ ಹೊತ್ತಿಗೆ ನಕಾಟೊಳ ತೋಳಿನಲ್ಲಿ ಧೂಳಿನ ಹುಳದ ಹನಿ ಬಿದ್ದ ಜಾಗ ಏಳತೊಡಗಿತು. ಮೊದಲು ಸಾಸಿವೆಯಷ್ಟು, ಆಮೇಲೆ ಅವರೆಕಾಳಿನಷ್ಟು. ಅಂಚು ಹರಡುವುದು ಕಣ್ಣೆದುರಿಗೇ ಕಾಣುತ್ತಿತ್ತು. ಜಿರಳೆಯ ಜಾಗವೂ ಎದ್ದಿತು. ಬಬೀರ್ಯೆಯ ತೋಳಿನಲ್ಲಿ ಕೊನೆಯ ಹನಿ ಮಾತ್ರ ಊದಿತ್ತು. ಉಳಿದ ಕಡೆ ಚುಚ್ಚಿದ ಗುರುತೂ ಮಾಸುತ್ತಿತ್ತು. ಎರಡು ತೋಳನ್ನೂ ಬಿಸಿಲಿಗೆ ಹಿಡಿದು ನೋಡಿದೆ. ಹುಟ್ಟಿದಾಗ ಯಾವುದು ಯಾರದೆಂದು ತಿಳಿಯದೆ ದಾರ ಕಟ್ಟಿದ್ದ ತೋಳುಗಳು ಅವು.

"ಬಬೀರ್ಯೆ ಮೈಗೆ ಆ ಹುಳ ಪರಿಚಯ ಇಲ್ಲ ಅಂತಲಾ?" ಕೇಳಿದೆ.

"ನಾನೂ ಹಾಗೇ ಅಂದ್ಕೊಂಡಿದ್ದೆ. ರಕ್ತ ನೋಡಿ ಹೇಳ್ತೀನಿ."

ಮತ್ತೆ ಬಂದಾಗ ಅಪಿಯೊ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದ್ದು ಇದು. ಧೂಳಿನ ಹುಳದ ಜೊತೆ ಜಗಳಕ್ಕೆ ಬೇಕಾದ ಸಾಮಾನು ಇಬ್ಬರ ರಕ್ತದಲ್ಲೂ ಇದೆ. ಬಬೀರ್ಯೆಯಲ್ಲಿ ಇನ್ನೂ ಹೆಚ್ಚೇ ಇದೆ. ಸೌದೆ ಒಟ್ಟಿದೆ, ಆದರೆ ಬೆಂಕಿ ಹತ್ತುತ್ತಿಲ್ಲ.

"ಯಾಕೆ ಹತ್ತಲ್ಲ?"

"ಯಾರೋ ಆರಿಸ್ತಿದಾರೆ ಅಂತ ನಮ್ಮ ಅನುಮಾನ. ಬನ್ನಿ, ತೋರಿಸ್ತೀನಿ."

ಅವಳು ಸೂಕ್ಷ್ಮದರ್ಶಕದ ಮುಂದೆ ನನ್ನನ್ನು ಕೂರಿಸಿದಳು. ಗಾಜಿನ ಮೇಲಿದ್ದದ್ದು ಬಬೀರ್ಯೆಯ ಮಲದ ಕಲೆ. ಮೊದಲು ನನ್ನ ರೆಪ್ಪೆಗೂದಲೇ ಕಂಡಿತು. ಆಮೇಲೆ ಒಂದು ಮೊಟ್ಟೆ. ಹೊಂಬಣ್ಣದ್ದು, ಆಚೆಯದೂ ಕಾಣುವಷ್ಟು ತೆಳುವಾದದ್ದು, ಒಂದು ಪಕ್ಕದಲ್ಲಿ ಗುಲಾಬಿ ಮುಳ್ಳಿನಂಥ ಮುಳ್ಳು. ಅದರೊಳಗೆ ಏನೋ ಮಿಣುಕಿತು. ನನ್ನ ಮಗಳೊಳಗಿಂದ ಬಂದ, ನನ್ನದಲ್ಲದ ಒಂದು ಜೀವ ಅಲ್ಲಿ ಕೂತಿತ್ತು.

"ಬಿಲ್ಹಾರ್ಜಿಯಾ," ಅಂದಳು ಅಪಿಯೊ. "ಇದರ ಅಪ್ಪ ಅಮ್ಮ ಅವಳ ಕರುಳಿನ ಸುತ್ತಲಿನ ರಕ್ತನಾಳದಲ್ಲಿವೆ. ಗಂಡಿನ ಮೈಯಲ್ಲಿ ಉದ್ದಕ್ಕೂ ಒಂದು ಮಡಿಕೆ, ಹೆಣ್ಣು ಅದರೊಳಗೆ ಮಲಗಿರುತ್ತೆ. ವರ್ಷಗಟ್ಟಲೆ, ಹಾಗೇ ತಬ್ಬಿಕೊಂಡು. ರಕ್ತದಲ್ಲಿ ಕೂತಿದ್ರೂ ಮೈ ಅವನ್ನ ಓಡಿಸಲ್ಲ. ಯಾಕಂದ್ರೆ ಅವು ಮೈಗೆ ಸುಮ್ನಿರು ಸುಮ್ನಿರು ಅಂತ ಹೇಳ್ತಾನೇ ಇರ್ತವೆ, ಮಗು ಮಲಗಿಸ್ತಾರಲ್ಲ ಹಾಗೆ. ಆ ಮಾತು ಧೂಳಿಗೂ ನೊಣಕ್ಕೂ ಅನ್ವಯ ಆಗ್ತಿದೆಯೇನೋ. ಏನೋ ಅಂತಿದೀನಿ ನೋಡಿ. ಪೂರ್ತಿ ಗೊತ್ತಿಲ್ಲ. ಬೇರೆ ಕೆಲವು ಹುಳ ಇದಾವೆ, ಅವು ಉಬ್ಬಸ ಜಾಸ್ತಿ ಮಾಡ್ತವೆ."

ನಾನು ಮತ್ತೆ ಕಣ್ಣಿಟ್ಟು ನೋಡಿದೆ. ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದ ಜಾಜಾ ಬೆತ್ತದ ಚಾಪೆಯ ಅಂಚು ಹೆಣೆಯುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

ಅಪಿಯೊ ಹೊರಡುವಾಗ ನನ್ನ ಕೈ ಹಿಡಿದು, "ನಾನು ಹೇಳಿದೆ ಅಂತ ಆ ಹುಳಾನ ಔಷಧಿ ಅಂದ್ಕೋಬೇಡಿ, ನಾಲೊಂಗೊ. ಅದನ್ನ ಸಾಯಿಸೋ ಮಾತ್ರೆ ಹಂಚೋ ದಿನ ಇವಳನ್ನ ಕರ್ಕೊಂಡು ಬನ್ನಿ. ಪ್ರತಿ ವರ್ಷ ಇವಳ ಹೆಸರಿನ ಮುಂದೆ ಖಾಲಿ ಇದೆ," ಅಂದಳು.

ಖಾಲಿ ಇದ್ದದ್ದಕ್ಕೆ ಕಾರಣ ಎಲ್ಲರಿಗೂ ಗೊತ್ತು. ಮಾತ್ರೆಯ ದಿನ ಬಂದರೆ ಜಾಜಾ ಬಬೀರ್ಯೆಯನ್ನು ಬಂಡೆಗಳ ಹಿಂದಕ್ಕೆ ಕರೆದೊಯ್ದು ಸಂಜೆಯವರೆಗೆ ಆಡಿಸುತ್ತಿದ್ದಳು. ನಕಾಟೊ ಇಲ್ಲದಾಗ ಒಬ್ಬಳಿಗೇ ಮಾತ್ರೆ ಕೊಡುವುದುಂಟೆ?

ಮಾರನೆಯ ದಿನ ನಾನು ದಡದಲ್ಲಿ ಬಲೆಯ ಮೇಲೆ ಹರಡಿದ ಮುಕೆನೆ ಮೀನು ತಿರುವಿ ಹಾಕುತ್ತಿದ್ದೆ. ಬೆರಳಿನಷ್ಟು ಉದ್ದದ ಬೆಳ್ಳಿ ಮೀನು; ಬಿಸಿಲಿರುವಾಗಲೇ ಒಣಗಬೇಕು, ಇಲ್ಲದಿದ್ದರೆ ಕೊಕ್ಕರೆಗಳ ಪಾಲು. ಊಟದ ಹೊತ್ತಿಗೆ ಮನೆಗೆ ಬಂದರೆ ಯಾರೂ ಇರಲಿಲ್ಲ. ಆಮೇಲೆ ಮೂವರೂ ದಡದ ಜೊಂಡಿನ ಕಡೆಯಿಂದ ಬಂದರು. ಇಬ್ಬರು ಮಕ್ಕಳಿಗೂ ಒಂದೇ ಬಣ್ಣದ ಬಟ್ಟೆ ಸುತ್ತಿದ್ದಳು ಜಾಜಾ. ಇಬ್ಬರ ತಲೆಯಿಂದಲೂ ನೀರು ತೊಟ್ಟಿಕ್ಕುತ್ತಿತ್ತು.

"ಎಲ್ಲಿ ಹೋಗಿದ್ರಿ?"

"ಸ್ನಾನಕ್ಕೆ."

"ಜೊಂಡಿನ ಹತ್ರ? ಈ ಬಿಸಿಲಲ್ಲಿ? ಮುಸಾವೊ ಅಲ್ಲಿಗೆ ಹೋಗ್ಬೇಡಿ ಅಂತಾರಲ್ಲ ಜಾಜಾ."

"ಬಬೀರ್ಯೆ ದಿನಾ ಅಲ್ಲೇ ಆಡಿ ಬೆಳೆದವಳು. ಅವಳಿಗೆ ನಲುಬಾಲೆ ಏನು ಕೊಟ್ಟಿದೆಯೋ ಅದನ್ನೇ ಇವಳಿಗೂ ಕೊಡಿಸ್ದೆ. ಇಬ್ಬರನ್ನೂ ಒಂದೇ ಬೋಗುಣೀಲಿ ಮೀಯಿಸಿದೀನಿ. ಇನ್ನು ಸಮ."

"ಜಾಜಾ, ಅದು ಕಾಯಿಲೆ."

"ಕಾಯಿಲೆ ಇರೋಳು ಓಡ್ತಾಳೆ, ಕಾಯಿಲೆ ಇಲ್ಲದೋಳು ಡಬ್ಬಿ ಹಿಡ್ಕೊಂಡು ಕೂರ್ತಾಳೆ. ನಿನ್ನ ಮುಸಾವೊ ಮಾತಲ್ಲೇ ನಾನು ಇದನ್ನ ಹೆಕ್ಕಿದ್ದು."

ಅವಳು ಹೇಳಿದ್ದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ. ಒಣ ಬಟ್ಟೆ ತಂದು ಮಕ್ಕಳ ತಲೆ ಒರೆಸಿದೆ, ನಕಾಟೊಳ ಕಾಲನ್ನು ಎರಡು ಸಲ ಒರೆಸಿದೆ.

ಸಂಜೆಗೆ ನಕಾಟೊ ಕಾಲು ಕೆರೆದುಕೊಳ್ಳಲು ಶುರುಮಾಡಿದಳು. ಪಾದದಿಂದ ಮೊಣಕಾಲಿನವರೆಗೆ ಕೆಂಪು ಚುಕ್ಕಿ. ಬಬೀರ್ಯೆಯ ಕಾಲು ನುಣ್ಣಗಿತ್ತು. ಜಾಜಾ ಕೊಬ್ಬರಿ ಎಣ್ಣೆ ಸವರಿ, "ಒಳಗೆ ಬಂದೋರು ಬಾಗಿಲು ತಟ್ಟಿದಾರೆ, ಅಷ್ಟೇ," ಅಂದಳು. ಎರಡು ದಿನಕ್ಕೆ ಚುಕ್ಕಿ ಹೋದವು.

ಆಮೇಲಿನ ವಾರಗಳಲ್ಲಿ ಉಬ್ಬಸ ಬರಲಿಲ್ಲ. ನಕಾಟೊ ಬೂಟು ಹಾಕಿಕೊಂಡೇ ಅಕ್ಕನ ಹಿಂದೆ ಬಂಡೆ ಹತ್ತಿದಳು, ಕೂಗಿದಳು, ಎರಡು ತಟ್ಟೆ ಪೋಶೊ ತಿಂದಳು. ಜಾಜಾ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಳು. ನನಗೂ ಆಸೆ ಹುಟ್ಟಿತು. ರಾತ್ರಿಯ ಮೀನುಬೇಟೆ ಮುಗಿಸಿ ಬೆಳಗ್ಗೆ ಬಂದ ಗಂಡನಿಗೆ, "ಇಲ್ಲೇ ಶಾಲೆಗೆ ಸೇರಿಸೋಣ್ವಾ?" ಎಂದು ಕೇಳಿಯೂ ಬಿಟ್ಟೆ.

ಆಮೇಲೆ ಜ್ವರ ಬಂತು. ಮೊದಲ ದಿನ ಮಲೇರಿಯಾ ಅಂದುಕೊಂಡೆವು. ಎರಡನೆಯ ದಿನ ಕೆಮ್ಮು, ಹೊಟ್ಟೆನೋವು, ಮೈಮೇಲೆಲ್ಲ ಗಂದೆ. ಮೂರನೆಯ ದಿನ ಮಧ್ಯಾಹ್ನ ಡಬ್ಬಿ ಒತ್ತಿದರೂ ಎದೆಯ ಸದ್ದು ಇಳಿಯಲಿಲ್ಲ. ಮತ್ತೆ ಒತ್ತಿದೆ. ಅವಳ ಉಗುರಿನ ಬುಡ ನೇರಳೆಯಾಗಿತ್ತು. ಮಾತಾಡಲು ಹೋಗಿ ಒಂದು ಪದ ಆಡುತ್ತಿದ್ದಳು, ಉಸಿರೆಳೆಯುತ್ತಿದ್ದಳು, ಇನ್ನೊಂದು ಪದ.

"ಅಮ್ಮಾ. ಕಿಟಕಿ. ತೆಗಿ."

ಕಿಟಕಿ ತೆಗೆದೇ ಇತ್ತು.

ಸಾಲೊಂಗೊ ದೋಣಿಗೆ ಎಂಜಿನ್ ಕಟ್ಟಿದ. ಜಾಜಾ ಯಾರೂ ಕರೆಯದಿದ್ದರೂ ಬಂದು ಹತ್ತಿದಳು, ಬಬೀರ್ಯೆಯನ್ನೂ ಎತ್ತಿ ಕೂರಿಸಿದಳು. ದೊಡ್ಡ ದ್ವೀಪದ ಆರೋಗ್ಯ ಕೇಂದ್ರಕ್ಕೆ ಹೋಗುವಷ್ಟು ಹೊತ್ತೂ ನಾನು ನಕಾಟೊಳನ್ನು ನೆಟ್ಟಗೆ ಕೂರಿಸಿ ಎದೆಗೆ ಒತ್ತಿಕೊಂಡಿದ್ದೆ. ಅವಳ ಉಸಿರಿನ ಜೊತೆಗೆ ನನ್ನ ಉಸಿರನ್ನೂ ಎಳೆಯುತ್ತಿದ್ದೆ. ನೀರು ಗಾಜಿನ ಹಾಗೆ ಹೊಳೆಯುತ್ತಿತ್ತು. ಅಷ್ಟು ಚೆಲುವಾದ ಮಧ್ಯಾಹ್ನವನ್ನು ನಾನು ಯಾವತ್ತೂ ಅಷ್ಟು ದ್ವೇಷಿಸಿರಲಿಲ್ಲ.

ಅಲ್ಲಿ ಮೂಗಿಗೆ ಕೊಳವೆ ಇಟ್ಟರು, ಸೂಜಿ ಹಾಕಿದರು. ಸಂಜೆಯ ಹೊತ್ತಿಗೆ ಅವಳ ಭುಜಗಳು ಕೆಳಗಿಳಿದವು. ಮರುದಿನ ಬೆಳಗ್ಗೆ ಅಪಿಯೊ ಬಂದಳು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವಳು ಬೈಯುತ್ತಾಳೆಂದು ಜಾಜಾ ತಲೆವಸ್ತ್ರ ಸರಿಮಾಡಿಕೊಂಡು ತಯಾರಾಗಿ ನಿಂತಿದ್ದಳು. ಅಪಿಯೊ ಬೈಯಲಿಲ್ಲ. ಹೊರಗೆ ಕಟ್ಟೆಯ ಮೇಲೆ ಬಿಸಿಲಿಗಿಟ್ಟಿದ್ದ ಒಂದು ಗಾಜಿನ ಸೀಸೆ ತಂದಳು. ಒಳಗೆ ನೀರು, ನೀರಿನ ತಳದಲ್ಲಿ ಮೂರು ನಾಲ್ಕು ಬಸವನಹುಳು. ಜೊಂಡಿನಿಂದ ಹಿಡಿದು ತಂದವು ಅಂದಳು.

"ಜಾಜಾ, ಬೆಳಕಿಗೆ ಹಿಡ್ದು ನೋಡಿ."

ಜಾಜಾ ಸೀಸೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿದಳು. ನಾನೂ ಬಗ್ಗಿದೆ. ನೀರಿನಲ್ಲಿ ಧೂಳು ಇದ್ದ ಹಾಗಿತ್ತು. ಆದರೆ ಧೂಳು ಕೆಳಗೆ ಕೂರುತ್ತದೆ; ಇದು ಮೇಲೇರುತ್ತಿತ್ತು. ಬಿಳಿ ಕಣಗಳು ಬಾಲ ಬಡಿದು ಮೇಲಕ್ಕೆ ಹೋಗಿ, ದಣಿದು ಇಳಿದು, ಮತ್ತೆ ಏರುತ್ತಿದ್ದವು. ಲೆಕ್ಕವಿಲ್ಲದಷ್ಟು. ಎಲ್ಲವೂ ಬೆಳಕಿನ ಕಡೆಗೆ.

"ಬಿಲ್ಹಾರ್ಜಿಯಾ ಮರಿಗಳು. ಬಿಸಿಲೇರಿದ ಮೇಲೆ ಬಸವನಹುಳುವಿನಿಂದ ಹೊರಗೆ ಬರ್ತವೆ. ಜನ ನೀರಿಗಿಳಿಯೋದೂ ಆಗಲೇ ತಾನೆ. ಕಾಲು ಸಿಕ್ಕಿದ ತಕ್ಷಣ ಬಾಲ ಬಿಟ್ಟು ಚರ್ಮದೊಳಗೆ ಹೋಗ್ತವೆ."

"ಇವು ಅವಳ ಕಾಲೊಳಗೆ ಹೋದ್ವಾ?" ಜಾಜಾಳ ಧ್ವನಿ ಕೇಳಿಸದಷ್ಟು ಸಣ್ಣಗಿತ್ತು.

"ಹೋದ್ವು. ನಕಾಟೊ ನಡೆಯೋಕೆ ಕಲಿತ ಕೂಡಲೇ ಇಲ್ಲಿಂದ ಹೋದವಳು. ಬಬೀರ್ಯೆ ಅವತ್ತಿಂದ ಇವತ್ತಿನವರೆಗೂ ದಿನಾ ನೀರಲ್ಲಿದ್ದವಳು. ಸ್ವಲ್ಪ ಸ್ವಲ್ಪವಾಗಿ ಬಂದ್ವು, ಅವಳ ಮೈ ಅವುಗಳ ಜೊತೆ ಬಾಳೋದು ಕಲಿತು. ನಕಾಟೊ ಮೈಗೆ ಇವು ಕಳ್ಳರು. ಒಂದೇ ಸಲ ಗುಂಪಾಗಿ ನುಗ್ಗಿದ್ರೆ ಊರೇ ಎದ್ದು ಬಡಿಯಲ್ವಾ? ಆ ಬಡಿದಾಟವೇ ಈ ಜ್ವರ."

ಜಾಜಾ ಸೀಸೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದಳು. ಆಯಸ್ಸಿಡೀ ಆ ನೀರಿನಲ್ಲಿ ಮಿಂದವಳು, ಪಾತ್ರೆ ಬೆಳಗಿದವಳು, ಮಕ್ಕಳನ್ನು ಮೀಯಿಸಿದವಳು. ಮೊಮ್ಮಗಳಿಗೆ ಕೊಡಿಸಿದ್ದು ಏನೆಂದು ಈಗ ಕಣ್ಣಾರೆ ನೋಡುತ್ತಿದ್ದಳು.

ನಕಾಟೊಗೆ ಮಾತ್ರೆ ಈಗಲೇ ಕೊಡುವಂತಿಲ್ಲ ಅಂದಳು ಅಪಿಯೊ. ಒಳಗಿರುವವು ಇನ್ನೂ ಮರಿಗಳು, ಮಾತ್ರೆಗೆ ಸಾಯುವುದಿಲ್ಲ, ಬೆಳೆಯುವವರೆಗೆ ಕಾಯಬೇಕು. ಅಷ್ಟು ಹೊತ್ತಿಗೆ ದ್ವೀಪದಲ್ಲಿ ಮಾತ್ರೆ ಹಂಚುವ ದಿನವೂ ಬರುತ್ತದೆ. ಉಬ್ಬಸ ಬಾರದಂತೆ ದಿನಾ ಸೇದಲು ಇನ್ನೊಂದು ಡಬ್ಬಿ ಕೊಟ್ಟಳು, ಕಂದು ಬಣ್ಣದ್ದು.

ನಾನು ಅವಳನ್ನು ಬಾಗಿಲಿನವರೆಗೆ ಹಿಂಬಾಲಿಸಿದೆ.

"ಮುಸಾವೊ, ಬಬೀರ್ಯೆಗೆ ಮಾತ್ರೆ ಕೊಟ್ಟರೆ ಅವು ಸಾಯ್ತವೆ. ಸುಮ್ನಿರು ಅನ್ನೋರು ಯಾರೂ ಇರಲ್ಲ. ಆಮೇಲೆ ಅವಳಿಗೂ ಹೀಗೇ ಆದ್ರೆ?"

ಅವಳು ತಕ್ಷಣ ಉತ್ತರ ಕೊಡಲಿಲ್ಲ. ಅದಕ್ಕೇ ನನಗೆ ಅವಳ ಮೇಲೆ ನಂಬಿಕೆ ಹುಟ್ಟಿದ್ದು.

"ಆಗಲ್ಲ ಅಂತ ಆಣೆ ಇಡೋಕೆ ನನಗೆ ಆಗಲ್ಲ. ಮಾತ್ರೆ ತಗೊಂಡ ದ್ವೀಪದ ಮಕ್ಕಳಲ್ಲಿ ಉಬ್ಬಸ ಎದ್ದಿದ್ದು ನಾನಂತೂ ನೋಡಿಲ್ಲ. ಆದ್ರೆ ಕಿಗ್ಗುಂಡು ಇದ್ದನಲ್ಲ, ಬಲೆ ಹೆಣೆಯೋನು."

ಕಿಗ್ಗುಂಡುವನ್ನು ನಾನು ಮರೆಯುವುದುಂಟೆ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ತುಂಬು ಬಸುರಿಯದು. ಒಂದು ದಿನ ಬಲೆಯ ಮೇಲೇ ರಕ್ತ ಕಾರಿಕೊಂಡು ಹೋದ.

"ಆ ಮುಳ್ಳಿನ ಮೊಟ್ಟೆಗಳೆಲ್ಲ ಹೊರಗೆ ಬರಲ್ಲ, ನಾಲೊಂಗೊ. ಅರ್ಧ ಪಿತ್ತಜನಕಾಂಗಕ್ಕೆ ಹೋಗಿ ಕೂರ್ತವೆ. ಅವು ಮಗೂನ ಮಲಗಿಸ್ತವೆ, ಸರಿ. ಬಾಡಿಗೆಯನ್ನೂ ವಸೂಲಿ ಮಾಡ್ತವೆ."

ಮನೆಗೆ ಬಂದ ಮೇಲೆ ಸೆಂಗ ಫೋನಿನಲ್ಲಿ ಅತ್ತಳು, ಗದರಿದಳು, "ಕೂಡಲೇ ಕಳಿಸು," ಅಂದಳು. ಮಾತ್ರೆಯ ದಿನ ಮುಗಿಯಲಿ ಎಂದು ಬೇಡಿಕೊಂಡೆ. ಆ ದಿನಗಳಲ್ಲಿ ಕಸ ಗುಡಿಸುವಾಗ, ಕಾಯಿಸಿದ ನೀರು ಸೋಸುವಾಗ, ಬಬೀರ್ಯೆ ಪಕ್ಕದಲ್ಲಿ ಹಾದುಹೋದರೆ ನನ್ನ ಕಣ್ಣು ಅವಳ ಎದೆಗೆ ಹೋಗುತ್ತಿತ್ತು. ಅದು ಎಷ್ಟು ಸಲೀಸಾಗಿ ಏರಿ ಇಳಿಯುತ್ತಿತ್ತು. ಆ ಸಲೀಸನ್ನು ನನ್ನ ಕೈಯಾರೆ ಕೆಡಿಸಲೆ? ಒಬ್ಬಳ ಉಗುರು ನೇರಳೆಯಾದದ್ದನ್ನು ನೋಡಿದ ತಾಯಿ ನಾನು. ಇನ್ನೊಬ್ಬಳದನ್ನೂ ನೋಡುವ ಶಕ್ತಿ ಇರಲಿಲ್ಲ.

ಮಾತ್ರೆಯ ದಿನ ಬಂದಾಗಲೂ ನಾನು ನಿರ್ಧಾರ ಮಾಡಿರಲಿಲ್ಲ. ಹೊಟ್ಟೆ ತುಂಬಿರಬೇಕೆಂದು ಇಬ್ಬರಿಗೂ ಕಡಲೆಕಾಯಿ ಸಾರಿನಲ್ಲಿ ಪೋಶೊ ಉಣ್ಣಿಸಿ ಶಾಲೆಗೆ ಕರೆದುಕೊಂಡು ಹೋದೆ. ಸಾಲಿನಲ್ಲಿ ನಿಂತಿದ್ದೆ, ಬಬೀರ್ಯೆಯ ಕೈ ಮಾತ್ರ ಬಿಗಿಯಾಗಿ ಹಿಡಿದಿದ್ದೆ. ಮನಸ್ಸು ಬದಲಾದರೆ ಹಾಗೇ ಹೊರಟುಬಿಡುವ ಯೋಚನೆ. ಜಾಜಾ ಹಿಂದೆ ನಿಂತಿದ್ದಳು. ಆರೋಗ್ಯ ಕೇಂದ್ರದಿಂದ ಬಂದ ಮೇಲೆ ಅವಳ ಮಾತು ಕಡಿಮೆಯಾಗಿತ್ತು.

ಇಲ್ಲಿ ತಕ್ಕಡಿ ಇಲ್ಲ. ಬಣ್ಣದ ಗೆರೆಗಳಿರುವ ಒಂದು ಉದ್ದ ಕೋಲಿದೆ. ಮಗುವನ್ನು ಅದಕ್ಕೆ ಒರಗಿಸಿ ನಿಲ್ಲಿಸುತ್ತಾರೆ. ತಲೆ ಯಾವ ಗೆರೆಗೆ ಮುಟ್ಟುತ್ತದೋ ಅಷ್ಟು ಮಾತ್ರೆ. ನಕಾಟೊ ನಿಂತಳು. ಹಂಚುವವಳು ಮಾತ್ರೆ ಎಣಿಸಿ ಅವಳ ಅಂಗೈಗೆ ಹಾಕಿದಳು. ಬಬೀರ್ಯೆಯನ್ನು ನಿಲ್ಲಿಸಿದರು. ಅವಳ ಅಂಗೈಗೆ ಬಿದ್ದದ್ದು ಕಡಿಮೆ.

"ಏನಿದು?" ಜಾಜಾ ಮುಂದೆ ಬಂದಳು. "ಅವಳಿಗೆ ಅಷ್ಟು, ಇವಳಿಗೆ ಇಷ್ಟು. ಇವರು ಅವಳಿಗಳು ಕಣಮ್ಮ."

"ಎತ್ತರ ನೋಡಿ ಕೊಡೋದು ಜಾಜಾ. ಇವಳು ಒಂದು ಗೆರೆ ಕೆಳಗಿದಾಳೆ."

"ಅವಳು ಬೂಟು ಹಾಕಿದಾಳೆ. ಬಿಚ್ಚೇ."

ನಕಾಟೊ ಬೂಟು ಬಿಚ್ಚಿದಳು. ಮತ್ತೆ ನಿಂತಳು. ಗೆರೆ ಬದಲಾಗಲಿಲ್ಲ.

"ಕೋಲು ಸೊಟ್ಟಗಿದೆ," ಅಂದಳು ಜಾಜಾ. ಇಬ್ಬರನ್ನೂ ಎಳೆದು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿದಳು. ತನ್ನ ಅಂಗೈಯನ್ನು ಬಬೀರ್ಯೆಯ ನೆತ್ತಿಯ ಮೇಲೆ ಚಪ್ಪಟೆಯಾಗಿಟ್ಟು ಹಾಗೇ ಹಿಂದಕ್ಕೆ ಜಾರಿಸಿದಳು. ಕೈ ನಕಾಟೊಳ ಕಿವಿಯ ಮೇಲ್ತುದಿಗೆ ಬಡಿದು ನಿಂತಿತು.

ಹುಟ್ಟುವಾಗ ಬಬೀರ್ಯೆಯೇ ದಪ್ಪ ಇದ್ದವಳು. ಜಾಜಾಳೇ ಇಬ್ಬರನ್ನೂ ಎರಡು ಕೈಯಲ್ಲಿ ತೂಗಿ ಹೇಳಿದ್ದಳು. ಇಷ್ಟು ದಿನ ಇಬ್ಬರೂ ಮನೆಯಲ್ಲಿ ಓಡಾಡುತ್ತಿದ್ದರೂ ನಮ್ಮ ಕಣ್ಣು ಒಬ್ಬಳ ಎದೆಯ ಮೇಲೇ ಇತ್ತು. ಇನ್ನೊಬ್ಬಳು ಓಡುತ್ತಿದ್ದಳು, ನಗುತ್ತಿದ್ದಳು, ಅವಳನ್ನು ಯಾರು ನಿಲ್ಲಿಸಿ ನೋಡಿದರು? ಈಗ ನೋಡಿದೆ. ಅಂಗಿಯ ಕೆಳಗೆ ಪುಟ್ಟ ಗುಡ್ಡದಂಥ ಹೊಟ್ಟೆ. ಅದನ್ನು ನಾನು ಪೋಶೊ ತುಂಬಿದ ಹೊಟ್ಟೆ ಅಂದುಕೊಂಡಿದ್ದೆ. ತೋಳು ತಂಗಿಯದಕ್ಕಿಂತ ಸಣ್ಣ. ಅಪಿಯೊ ಹೇಳಿದ ಬಾಡಿಗೆ ಅಂದರೆ ಏನೆಂದು ಜಾಜಾಳ ಅಂಗೈ ಅಳೆದು ತೋರಿಸಿತ್ತು.

ಜಾಜಾಳ ಕೈ ಇನ್ನೂ ಬಬೀರ್ಯೆಯ ತಲೆಯ ಮೇಲಿತ್ತು.

"ನನ್ನ ಕಣ್ಣೆದುರಿಗೆ ಬೆಳೆದವಳು," ಅಂದಳು. "ಸಿಗದೇ ಇದ್ದದ್ದು ಇವಳಿಗಾ?"

ನಾನು ಬಬೀರ್ಯೆಯ ಕೈ ಬಿಟ್ಟೆ. ಬಿಟ್ಟ ಕೈಗೆ ಕಾಯಿಸಿ ಆರಿಸಿ ತಂದಿದ್ದ ನೀರಿನ ಲೋಟ ಕೊಟ್ಟೆ.

"ತಗೋ ಮಗಳೇ."

"ಕಹಿ ಇರುತ್ತಂತೆ."

"ಇರುತ್ತೆ. ಅವಳೂ ತಗೋತಾಳೆ, ನೋಡು."

"ಅವಳದು ಜಾಸ್ತಿ ಇದೆ," ನಕಾಟೊಳನ್ನು ತೋರಿಸಿ ಬಬೀರ್ಯೆ ನಕ್ಕಳು. "ಅವಳಿಗೇ ಜಾಸ್ತಿ ಕಹಿ."

ಇಬ್ಬರೂ ಮುಖ ಹಿಂಡಿಕೊಂಡು ನುಂಗಿದರು. ಅವರ ಹಿಂದೆ ಒಂದು ತಮಾಷೆ ನಡೆಯಿತು. ಜಾಜಾ ತಲೆವಸ್ತ್ರ ತೆಗೆದು, ಬಾಗಿದ ಬೆನ್ನನ್ನು ಆದಷ್ಟು ನೆಟ್ಟಗೆ ಮಾಡಿ, ಕೋಲಿಗೆ ಒರಗಿ ನಿಂತಳು. ಹಂಚುವವಳು ನಗು ತಡೆದು, "ಎಷ್ಟು ವರ್ಷದಿಂದ ಕರೀತಿದೀವಿ ಜಾಜಾ," ಅಂದಳು.

"ಮಾತಾಡ್ಬೇಡ, ಎಣಿಸು. ಇವರ ಜೊತೆ ನಾನೂ ಅದೇ ನೀರಲ್ಲಿ ಇದ್ದೋಳು."

ಮಧ್ಯಾಹ್ನ ಮೂವರಿಗೂ ತಲೆ ಸುತ್ತು. ಬಬೀರ್ಯೆಗೆ ಎಲ್ಲರಿಗಿಂತ ಹೆಚ್ಚು. ಒಳಗೆ ಸಾಯುವವು ಹೆಚ್ಚಿದ್ದಷ್ಟೂ ಸಂಕಟ ಹೆಚ್ಚು ಎಂದು ಮೊದಲೇ ಹೇಳಿದ್ದರು. ಅವಳ ಹಣೆ ಹಿಡಿದು ವಾಂತಿ ಮಾಡಿಸಿದೆ, ಬಾಯಿ ತೊಳೆಸಿದೆ, ಚಾಪೆಯ ಮೇಲೆ ತಂಗಿಯ ಪಕ್ಕ ಮಲಗಿಸಿದೆ. ಆಗ ಸೆಂಗಳ ಫೋನು ಬಂತು. ಗೋಡೆಗೊರಗಿ ಕೂತಿದ್ದ ಜಾಜಾ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ತಪ್ಪು ನನ್ನದು, ನಾಲೊಂಗೊದಲ್ಲ. ಆದ್ರೆ ಇನ್ನು ಒಬ್ಬಳನ್ನ ಕಳಿಸಲ್ಲ. ಬೇಕಾದ್ರೆ ಇಬ್ಬರನ್ನೂ ಕರ್ಕೊಂಡು ಹೋಗು, ಇಲ್ಲಾ ಇಬ್ಬರೂ ಇಲ್ಲೇ ಇರ್ತಾರೆ. ಡಬ್ಬಿ ನಾನೇ ದಿನಾ ಬೆಳಗ್ಗೆ ಸೇದಿಸ್ತೀನಿ. ನೀರು ಕಾಯಿಸೇ ಮೀಯಿಸ್ತೀನಿ."

ಆಮೇಲೆ ಸೆಂಗಳ ದನಿ ಹೊರಗೂ ಕೇಳಿಸಿತು: "ಕಂದು ಡಬ್ಬಿ ಮುಗಿಯೋ ಮುಂಚೆ ಹೇಳಮ್ಮ. ಇಲ್ಲಿಂದ ದೋಣಿಲಿ ಕಳಿಸ್ತೀನಿ."

ಜಾಜಾ ಫೋನನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು.

ನಾನು ಮಕ್ಕಳ ನಡುವೆ ಕೂತೆ. ನಕಾಟೊಳ ಎದೆಯಲ್ಲಿ ಎಳೆಯಷ್ಟು ತೆಳುವಾದ ಒಂದು ಸಿಳ್ಳೆ ಇತ್ತು. ಅದು ಇರುತ್ತದೆ, ಅದರ ಜೊತೆ ಬಾಳುವುದನ್ನು ಕಲಿಯಬೇಕು. ಬಬೀರ್ಯೆಯ ಎದೆಗೆ ಕಿವಿಯಿಟ್ಟೆ. ಗಾಳಿ ಹೋಗಿ ಬರುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ನಾಳೆಯೂ ಹೀಗೇ ಇರುತ್ತದೆಯೇ ಎಂದು ಕೇಳಲು ಯಾರೂ ಇರಲಿಲ್ಲ. ಇದ್ದವಳು ಆಣೆ ಇಡಲಾರೆ ಎಂದು ಹೇಳಿಯಾಗಿತ್ತು.

"ಅಮ್ಮಾ," ಬಬೀರ್ಯೆ ಕಣ್ಣು ತೆರೆಯದೆ ಕೇಳಿದಳು, "ಅವು ಒಟ್ಟಿಗೇ ಸಾಯ್ತವಾ, ಒಂದಾದ ಮೇಲೆ ಒಂದಾ?"

"ಗೊತ್ತಿಲ್ಲ ಕಂದಾ. ಹಿಡಿತ ಸಡಿಲ ಆಗುತ್ತಂತೆ, ಆಮೇಲೆ ರಕ್ತದಲ್ಲಿ ತೇಲಿಹೋಗ್ತವಂತೆ."

"ಪಾಪ."

ಪಾಪ ಅನ್ನಿಸಿದ್ದು ನನಗೂ ಸುಳ್ಳಲ್ಲ. ನನ್ನ ಕಿವಿಯ ಕೆಳಗೆ, ಒಂದು ಗೇಣಿನಷ್ಟು ಆಚೆ, ಬೆಳಕು ಕಾಣದ ಜಾಗದಲ್ಲಿ ವರ್ಷಗಟ್ಟಲೆ ತಬ್ಬಿಕೊಂಡಿದ್ದವು ಈಗ ಒಂದನ್ನೊಂದು ಬಿಡುತ್ತಿದ್ದವು. ನನಗಿಂತ ಹತ್ತಿರ ಕೂತು, ನಾನು ನಿದ್ದೆ ಹೋದಾಗಲೂ ಬಿಡದೆ, ಅವು ನನ್ನ ಮಗಳ ಮೈಗೆ ಸುಮ್ನಿರು ಅಂದಿದ್ದವು. ಅವಳ ಎತ್ತರವನ್ನೂ ಕದ್ದಿದ್ದವು. ಎರಡೂ ನಿಜ. ಈ ಪುಟ್ಟ ಮೈಯೊಳಗೆ ಇಷ್ಟೆಲ್ಲ ನಡೆದಿತ್ತು, ನಾನು ಹೊರಗಿನಿಂದ ಜಡೆ ಹೆಣೆಯುತ್ತಿದ್ದೆ.

ಬಬೀರ್ಯೆ ಮಗ್ಗುಲಾದಳು. ಅವಳ ಬೆನ್ನಿನ ಮೇಲೆ ಕೈಯಿಟ್ಟು, ನಿಧಾನವಾಗಿ ತಟ್ಟತೊಡಗಿದೆ. ಇನ್ನು ಮೇಲೆ ಸುಮ್ನಿರು ಅನ್ನುವ ಕೆಲಸ ನನ್ನೊಬ್ಬಳದೇ.